ಬೆಲ್ಲದ ಅಚ್ಚಿನ ಗಿಟಾರು

೧೯೩೮ರಲ್ಲಿ ನಾನು ಓದು ಬಿಟ್ಟೆ. ಮೇಷ್ಟರ ಸೀಮೆಸುಣ್ಣದ ಪೆಟ್ಟಿಗೆ ಕಾಣೆಯಾಗಿತ್ತು. "ಎಲ್ಲಿ, ಬೆರಳು ತೋರ್ಸು" ಎಂದರು. ಹಿಂದಿನ ದಿನ ಮನೆಗೆ ಸುಣ್ಣ ಹೊಡೆದಿದ್ದ ಬೆರಳು, ಬೆಳ್ಳಗಿತ್ತು. ಸಮಜಾಯಿಷಿ ಹೇಳುವ ಜಾಯಮಾನ ನಮ್ಮದಲ್ಲ. ಸ್ಲೇಟು ಕಂಕುಳಲ್ಲಿಟ್ಟುಕೊಂಡು ಎದ್ದು ಬಂದವನು ಮತ್ತೆ ಆ ಹೊಸಿಲು ತುಳಿಯಲಿಲ್ಲ.

ಇದನ್ನೀಗ ಕೆದಕಿದ್ದು ಇರುವೆ. ಬೆಳಗ್ಗೆ ಅಡುಗೆಮನೆ ಗೋಡೆ ಹತ್ತಿ ಅಟ್ಟಕ್ಕೆ ಸಾಲು ಹೋಗುತ್ತಿತ್ತು. ಸೊಸೆ ಸಕ್ಕರೆಯನ್ನು ಅಟ್ಟದಲ್ಲಿ ಯಾರಿಗೆ ಬಚ್ಚಿಟ್ಟಳು ಎಂಬಲ್ಲಿಗೆ ಹೋಯಿತು ನನ್ನ ಬುದ್ಧಿ. ನನ್ನ ಅನುಮಾನ ಯಾವತ್ತೂ ಸಣ್ಣದರಲ್ಲಿ ನಿಲ್ಲುವುದಿಲ್ಲ, ನೋಡಿ. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಏಣಿ ಹತ್ತಿದೆ. ಇರುವೆಗಳು ಗೋಣಿಚೀಲ ಸುತ್ತಿದ ನನ್ನ ಹಳೆಯ ಗಿಟಾರಿನ ಹಲಗೆಯೊಳಗೆ ನುಗ್ಗುತ್ತಿದ್ದವು.

ಓದು ಬಿಟ್ಟ ಮೇಲೆ ಕಿರುಗಾವಲಿನ ಆಲೆಮನೆಯಲ್ಲಿ ಬೆಲ್ಲದ ಪಾಕ ಇಳಿಸುವುದು ನನ್ನ ಕೆಲಸವಾಯಿತು. ನಾನು ಇಳಿಸಿದ ಪಾಕ ಒಂದು ದಿನವೂ ಸೀದಿಲ್ಲ. ಯುದ್ಧದ ಕಾಲದಲ್ಲಿ ಮದ್ದೂರಿನ ಹೋಟೆಲೊಂದರ ಗ್ರಾಮಫೋನಿನಲ್ಲಿ ಮಾತಿಲ್ಲದೆ ಜಾರುತ್ತಾ ಅಳುವ ಒಂದು ದನಿ ಕೇಳಿದೆ. ತೊಡೆಯ ಮೇಲೆ ಮಲಗಿಸಿ ತಂತಿಯ ಮೇಲೆ ಕಬ್ಬಿಣ ಜಾರಿಸುವ ಗಿಟಾರಂತೆ ಅದು. ಹಾಗಾದರೆ ನಾನೂ ಒಂದು ಮಾಡುತ್ತೇನೆ ಎಂದುಕೊಂಡೆ. ಬೆಲ್ಲ ಹೊಯ್ಯುವ ಗುಳಿಗಳಿದ್ದ ಹಳೆಯ ಅಚ್ಚಿನ ಹಲಗೆ ಸಿಕ್ಕಿತು. ಸೈಕಲ್ ಅಂಗಡಿಯ ಗಫೂರ, ನನ್ನ ಒಬ್ಬನೇ ಗೆಳೆಯ, ಬ್ರೇಕ್ ತಂತಿಯಿಂದ ಮೂರು ಎಳೆ ಬಿಡಿಸಿಕೊಟ್ಟ. ಜಾರಿಸಲು ಸೀಟಿನ ಕೊಳವೆಯ ತುಂಡು ಕೊಟ್ಟ. ತಂತಿ ಬಿಗಿಯುವ ಮರದ ಬಿರಡೆಗಳನ್ನು ನಾನೇ ಕೆತ್ತಿದೆ. ಮನೆಯಲ್ಲಿ ಇರುವೆ ಕಾಟವೆಂದು ಅವನ ಅಂಗಡಿಯಲ್ಲೇ ಇಟ್ಟೆ.

ಸಂಜೆ ಬಿಗಿ ಮಾಡಿ ಹೋದರೆ ಮರುದಿನ ಸಂಜೆಗೆ ತಂತಿ ಜೋತು ಬಿದ್ದಿರುತ್ತಿತ್ತು. ಒಂದು ದಿನವಲ್ಲ, ಐದು ದಿನ. ತಂತಿಗೆ ಬರ ಬಂದಿದ್ದ ಕಾಲ. ಕೊಟ್ಟದ್ದನ್ನು ವಾಪಸು ಬಿಚ್ಚಿಕೊಳ್ಳಲು ನೋಡುತ್ತಿದ್ದಾನೆಯೇ? ಇಲ್ಲ, ನಾನಿಲ್ಲದಾಗ ನುಡಿಸಿ ನನಗಿಂತ ಮೊದಲು ಕಲಿಯುತ್ತಿದ್ದಾನೆಯೇ? ಎರಡನೆಯದೇ ಹೆಚ್ಚು ಉರಿಸಿತು. ಆರನೆಯ ದಿನ ಬಿರಡೆಗಳಿಗೆ ಜೋನಿಬೆಲ್ಲ ಸವರಿ ಹೋದೆ. ಮುಟ್ಟಿದವನ ಕೈ ಅಂಟಬೇಕು!

ಸಂಜೆ ಬಂದೆ. ತಂತಿ ಸಡಿಲ. ಗಿರಾಕಿಗಳು ನಿಂತಿದ್ದರು.

"ಎಲ್ಲಿ, ಬೆರಳು ತೋರ್ಸ್ಲಾ" ಎಂದೆ.

"ಯಾಕ್ಲಾ? ಉಂಗ್ರ ತೊಡುಸ್ತೀಯಾ?" ಎಂದು ನಗುತ್ತಲೇ ಚಾಚಿದ. ಗ್ರೀಸು ಬಿಟ್ಟರೆ ಏನೂ ಇರಲಿಲ್ಲ.

"ತೊಳ್ಕೊಂಡಿದ್ದೀಯ. ನನ್ ತಂತಿ ಸಡ್ಲ ಮಾಡೋನು ನೀನೇ ಕಣ್ಲಾ."

ಅವನ ನಗು ಹೋಯಿತು. ಒಳಗೆ ಹೋಗಿ ಹಲಗೆ ತಂದು ನನ್ನ ಎದೆಗೆ ಒತ್ತಿದ. "ತಕಂಡ್ ಓಗ್ಲಾ."

ಮನೆಗೆ ತಂದು, ಬಿಗಿ ಮಾಡಿ, ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಮರುದಿನ ಸಂಜೆ ತೆರೆದರೆ ತಂತಿ ಸಡಿಲ. ಬೀಗದ ಕೈ ನನ್ನ ಉಡಿದಾರದಲ್ಲೇ ಇತ್ತು.

ಆಗ ಹೊಳೆಯಿತು. ಬೆಲ್ಲ ಅಂಟದಿರಲೆಂದು ನಾವು ಅಚ್ಚನ್ನು ನೀರಲ್ಲಿ ನೆನೆಸಿಯೇ ಪಾಕ ಹೊಯ್ಯುತ್ತೇವೆ. ಮರ ಎಂದರೆ ಮೊದಲು ನೀರು. ಕೈ ತಾನಾಗಿ ಹೋಗುತ್ತದೆ. ಬಿರಡೆಗಳನ್ನೂ ದಿನಾ ನೆನೆಸಿ ಬಡಿಯುತ್ತಿದ್ದೆ. ನೆಂದಾಗ ಉಬ್ಬಿ ಬಿಗಿಯುತ್ತಿದ್ದವು, ಒಣಗಿ ಸೊರಗಿ ಜಾರುತ್ತಿದ್ದವು. ಕಳ್ಳ ನನ್ನ ಕೈಯೇ.

ಗಫೂರನ ಮುಂದೆ ಹೋಗಿ ನಿಲ್ಲಲು ಎಂಟು ದಿನ ಹಿಡಿಯಿತು. "ನೀರು ಆಕಿದ್ದು ನಾನೇ ಕಣ್ಲಾ" ಎಂದೆ. ಅವನು ಪಂಕ್ಚರ್ ಹಾಕುವುದು ನಿಲ್ಲಿಸಲಿಲ್ಲ. ಮುಗಿದ ಮೇಲೆ ಮುರಿದ ಗಾಡಿಚಕ್ರದ ಒಣ ಮರದಿಂದ ಮೂರು ಬಿರಡೆ ಕೆತ್ತಿ, ಮುಂದೆ ಎಸೆದ.

"ಇವುಕ್ಕೆ ನೀರು ಮುಟ್ಟುಸ್ಬ್ಯಾಡ."

"ಅಲಗೆ ಇಲ್ಲೇ ಮಡಗ್ಲಾ?"

"ಬ್ಯಾಡ ಬುಡು. ನಿನ್ ಮನೇಲೇ ಮಡಿಕೊ."

ಆಮೇಲೂ ಎಷ್ಟೋ ವರ್ಷ ಮಾತಾಡಿದೆವು, ಬೀಡಿ ಹಂಚಿಕೊಂಡೆವು. ನನ್ನ ಸಾಮಾನು ಮಾತ್ರ ಒಂದನ್ನೂ ಅವನು ಅಂಗಡಿಯಲ್ಲಿ ಇಡಗೊಡಲಿಲ್ಲ.

ಅಟ್ಟದಿಂದ ಇಳಿದೆ. "ಏನ್ ಮಾವ, ಏನಿತ್ತು?" ಎಂದಳು ಸೊಸೆ. "ನಂದೇ ಕಣಮ್ಮ, ಹಳೇ ಬೆಲ್ಲ" ಎಂದೆ.

ಈಗ ನನ್ನ ಬಳಿ ಇರುವುದು: ಹಲಗೆ ಒಂದು, ತಂತಿ ಎರಡು, ಗಫೂರ ಕೆತ್ತಿದ ಬಿರಡೆ ಮೂರು.