ಖಾಲಿ ಖಾನೆಯ ಹೆಂಗಸರು

ಶಾಹೀನ್ ಒಂದೇ ಕ್ಲಿಕ್ಕಿನಲ್ಲಿ ನಲವತ್ತು ಹೆಂಗಸರ ಹಿಮೋಗ್ಲೋಬಿನ್ ಸರಿ ಮಾಡಿಬಿಟ್ಟಿದ್ದಳು.

ಹೆಂಗಸರ ರಕ್ತಹೀನತೆ ಬಗ್ಗೆ ಬೀದರ್‌ನ ನಮ್ಮ ಕಾಲೇಜು ಸಮೀಕ್ಷೆ ಮಾಡುತ್ತಿದೆ. ಲೆಕ್ಕಾಚಾರ ನನ್ನದು (ಸ್ಟ್ಯಾಟಿಸ್ಟಿಕ್ಸ್ ಕಲಿಸುವವನಿಗೆ ಇನ್ನೇನು ಕೊಟ್ಟಾರು?). ಮನೆಮನೆಗೆ ಹೋಗಿ ರಕ್ತ ಪರೀಕ್ಷಿಸುವುದು, ಕಂಪ್ಯೂಟರಿಗೆ ತುಂಬುವುದು ಮೈಲೂರಿನ ಲ್ಯಾಬ್ ಟೆಕ್ನಿಷಿಯನ್ ಶಾಹೀನ್‌ಳ ಕೆಲಸ.

"ಈಗ ಒಂದೂ ಖಾನಿ ಖಾಲಿ ಇಲ್ರಿ ಸರ್. ಬಿಟ್ಟಲ್ಲೆಲ್ಲ ಸರಾಸರಿ ಹಾಕೀನಿ."

"ಖಾಲಿ ಯಾಕ ಇದ್ದವು?"

"ಹಲಬರ್ಗಾ ಹಳ್ಳಿಗಿ ಹೋದಾಗ ಆ ಮನಿಗೋಳ ಬಾಗಲಾ ಹಾಕಿತ್ರಿ."

ಹೋಗಿದ್ದು ಎಷ್ಟು ಹೊತ್ತಿಗೆ? ಹನ್ನೊಂದಕ್ಕೆ. ಆ ಟೈಮ್ ಹಾಕಿಕೊಟ್ಟವನು ನಾನೇ.

ಹನ್ನೊಂದಕ್ಕೆ ಮನೆಯಲ್ಲಿ ಸಿಗುವವರು ಯಾರು, ನೀವೇ ಹೇಳಿ? ಕೂಲಿಗೆ ಹೋಗಬೇಕಾಗಿಲ್ಲದವರು. ಆಕಸ್ಮಿಕವಾಗಿ ಒಂದೆರಡು ಖಾನೆ ಬಿಟ್ಟುಹೋದರೆ ಬೇರೆ ಮಾತು. ಇಲ್ಲಿ ಬಿಟ್ಟುಹೋದವರೆಲ್ಲ ಒಂದೇ ಥರದವರು, ಕೂಲಿಯವರು; ರಕ್ತ ಕಡಿಮೆ ಇರುವ ಸಂಭವವೂ ಅವರಲ್ಲೇ ಹೆಚ್ಚು. ಮನೆಯಲ್ಲಿದ್ದವರ ಸರಾಸರಿಯನ್ನು ಹೊಲದಲ್ಲಿದ್ದವರ ಹೆಸರಿನ ಮುಂದೆ ಬರೆದರೆ ವರದಿ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಕಬ್ಬಿಣಾಂಶದ ಮಾತ್ರೆ ಮೊದಲು ಯಾರಿಗೆ ಎಂದು ತೀರ್ಮಾನವಾಗುವುದು ಆ ವರದಿಯಿಂದಲೇ.

ಅಷ್ಟನ್ನೂ ಅಳಿಸು ಎಂದೆ. ಶಾಹೀನ್ ಮುಖ ಬಾಡಿತು.

"ವರದಿ ಈ ವಾರನೇ ಕೊಡಬೇಕಲ್ರಿ ಸರ್?"

"ತಡಾ ಆಗ್ಲಿ. ನಾನೂ ಬರ್ತೇನಿ."

ಮರುದಿನ ಬೆಳಿಗ್ಗೆ ಆರಕ್ಕೆ ಹಲಬರ್ಗಾದಲ್ಲಿದ್ದೆವು. ಮೊದಲ ಮನೆಯ ಕಲಾವತಿ ಬುತ್ತಿ ಕಟ್ಟುತ್ತಿದ್ದರು.

"ಹನ್ನೊಂದಕ್ಕ ಬಂದ್ರ ಹ್ಯಾಂಗ ಸಿಗ್ತೇವ್ರಿ?" ಎನ್ನುತ್ತಲೇ ಬೆರಳು ಚಾಚಿದರು.

ಶಾಹೀನ್ ಮೀಟರ್ ನೋಡಿದಳು. ಇನ್ನೊಂದು ಬೆರಳು ಚುಚ್ಚಿದಳು. ಅದೇ ಸಂಖ್ಯೆ. ಅಷ್ಟು ಕಡಿಮೆ ಇದ್ದವರು ನಿಂತಿರುವುದೇ ಹೆಚ್ಚು.

"ತಲಿ ತಿರಗ್ತದೇನ್ರಿ ಅಕ್ಕಾ?"

"ತಿರಗ್ತದವಾ. ಬಿಸಲಿಗಿ ಅಂತ ಸುಮ್ನಿದ್ದೆ."

ಆಸ್ಪತ್ರೆ ಎಂದರೆ ಅವರು ಒಪ್ಪಲಿಲ್ಲ. ಒಂದು ದಿನದ ಕೂಲಿ ಹೋಗುತ್ತದಲ್ಲ? ಶಾಹೀನ್ ಬುತ್ತಿಗಂಟನ್ನು ತಾನೇ ಎತ್ತಿಕೊಂಡಳು. "ಮೊದಲ ದವಾಖಾನಿ, ಆಮ್ಯಾಲ ಹೊಲ. ನಡೀರಿ" ಎಂದು ಭಾಲ್ಕಿ ಬಸ್ ಹತ್ತಿಸಿದಳು. ಅವತ್ತೇ ಕಲಾವತಿಗೆ ರಕ್ತ ಕೊಟ್ಟರು. ಈಗ ಸುಧಾರಿಸಿದ್ದಾರೆ.

ಉಳಿದ ಮನೆಗಳಿಗೆ ಮತ್ತೆ ನಾಲ್ಕು ಬೆಳಗು ಹೋದೆವು. ಆದರೂ ಕೆಲವರು ಸಿಗಲಿಲ್ಲ. ಅವರ ಖಾನೆ ಖಾಲಿಯೇ ಇದೆ, ಯಾಕೆ ಖಾಲಿ ಎಂದು ವರದಿಯಲ್ಲೇ ಬರೆದಿದ್ದೇವೆ.

ಊರಿನ ಸರಾಸರಿ ಇಳಿಯಿತು. ತಡ ಮಾಡಿದ್ದಕ್ಕೆ ಕಾಲೇಜಿನಲ್ಲಿ ನಾನು ಬೈಸಿಕೊಂಡೆ.

ಈ ವಾರ ಔರಾದ್ ತಾಲ್ಲೂಕು. ಬೈಯುವವರು ಬೈಯಲಿ, ಕೂಲಿಯವರು ಮನೆ ಬಿಡುವ ಮುಂಚೆ ನಾವಲ್ಲಿರುತ್ತೇವೆ.