ಬೀರುವಿನಲ್ಲಿದ್ದ ಅನಲೈಸರ್

ನಮ್ಮ ಕಾಲೇಜಿನ ಲ್ಯಾಬ್ ಇನ್‌ಸ್ಟ್ರಕ್ಟರ್ ಗೌರೀಶಂಕರ ನಲವತ್ತೆಂಟನೆಯ ವಯಸ್ಸಿನಲ್ಲಿ ಎಂ.ಟೆಕ್.ಗೆ ಸೇರಿದರು. ವಿಷಯ, ಹೊಸ ಸಂಪರ್ಕ ತಂತ್ರಜ್ಞಾನಗಳು. ಹೊಸದು ಎಂದರೆ ಅವರಿಗೆ ಮೈ ಉರಿಯುತ್ತಿತ್ತು. ಆದರೆ ಆ ಪದವಿಯಿಲ್ಲದೆ ಅಸಿಸ್ಟೆಂಟ್ ಪ್ರೊಫೆಸರ್ ಆಗುವಂತಿಲ್ಲ, ಐವತ್ತು ದಾಟಿದರೆ ಆಡಳಿತ ಮಂಡಳಿ ಅರ್ಜಿಯನ್ನೇ ಮುಟ್ಟುವುದಿಲ್ಲ. ಶ್ರೀನಗರದ ಮನೆಯಲ್ಲಿ ಅವರ ಹೆಂಡತಿ ನೀಲಗಂಗಮ್ಮ 'ಪ್ರೊ. ಗೌರೀಶಂಕರ' ಎಂಬ ಹಿತ್ತಾಳೆ ಫಲಕವನ್ನು ಆಗಲೇ ಮಾಡಿಸಿ ಮಂಚದ ಕೆಳಗೆ ಇಟ್ಟಿದ್ದರು.

ನಾನು ಅದೇ ವಿಭಾಗದ ಗುಮಾಸ್ತೆ. ಹದಿನೆಂಟು ವರ್ಷದಿಂದ ಅವರ ಎದುರು ಮೇಜಿನಲ್ಲಿ ಕೂತಿರುವುದರಿಂದ ಅನಲೈಸರಿನ ಕತೆಯೂ ನನಗೆ ಗೊತ್ತು. ಅದು ಗಾಳಿಯಲ್ಲಿ ಹರಿಯುವ ಮೊಬೈಲ್ ಸಿಗ್ನಲ್ ಅಳೆಯುವ ದುಬಾರಿ ಯಂತ್ರ. ಒಂಬತ್ತು ವರ್ಷದ ಹಿಂದೆ ಬಂದ ದಿನವೇ ಗೌರೀಶಂಕರ ಅದನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಜಡಿದರು. ಆಯುಧಪೂಜೆಗೆ ಮಾತ್ರ ಹೊರಗೆ ಬಂದು, ಕುಂಕುಮ ಇಡಿಸಿಕೊಂಡು, ಚೆಂಡುಹೂ ಮುಡಿದು ಅದು ಮತ್ತೆ ಒಳಗೆ ಹೋಗುತ್ತಿತ್ತು. ಅವರು ವರ್ಷ ವರ್ಷವೂ ದಾಸ್ತಾನು ಪುಸ್ತಕದಲ್ಲಿ 'ಸುಸ್ಥಿತಿಯಲ್ಲಿದೆ' ಎಂದು ಬರೆದು ಸಹಿ ಹಾಕುತ್ತಿದ್ದರು. ಯಾವ ವಿದ್ಯಾರ್ಥಿ ಕೇಳಿದರೂ ಒಂದೇ ಉತ್ತರ. "ಕೆಟ್ಟೋದ್ರೆ ಯಾರಪ್ಪಾ ಹೊಣೆ?"

ಪ್ರಬಂಧಕ್ಕೆ ಗೈಡ್ ಆಗಿದ್ದ ವಿಜಯಕುಮಾರ್ ಹತ್ತಿರ ಇದ್ದದ್ದು ಒಂದೇ ವಿಷಯ. ಕತ್ರಿಗುಪ್ಪೆಯ ನಲವತ್ತು ರಸ್ತೆಗಳಲ್ಲಿ ಫೈವ್ ಜಿ ಸಿಗ್ನಲ್ ಎಷ್ಟು ಬಲವಾಗಿದೆ ಎಂದು ಅಳೆಯುವುದು. ಅದನ್ನೇ ಗೌರೀಶಂಕರರಿಗೂ ಕೊಟ್ಟರು, ಅವರ ಸಹಪಾಠಿ ಪ್ರೇರಣಾಗೂ ಕೊಟ್ಟರು. ಪ್ರೇರಣಾ ಅದೇ ಕತ್ರಿಗುಪ್ಪೆಯ ಹುಡುಗಿ. ಲ್ಯಾಬಿನಲ್ಲಿ ಮಾತ್ರವಲ್ಲ, ಪಕ್ಕದ ಬೆಂಚಿನಲ್ಲಿ ಕೂತಾಗಲೂ ಅವರನ್ನು ಸಾರ್ ಎನ್ನುತ್ತಿದ್ದಳು.

"ಸಾರ್, ಅನಲೈಸರ್ ಒಂದ್ ವಾರ ಕೊಡ್ತೀರಾ?" ಎಂದು ಕೇಳಿದಳು.

"ಕೆಟ್ಟೋದ್ರೆ ಯಾರಮ್ಮಾ ಹೊಣೆ?"

ಅವಳು ಗೆಳತಿಯ ಆಫೀಸಿನಿಂದ ಅಂಗೈಯಗಲದ ಮೀಟರೊಂದನ್ನು ಎರವಲು ತಂದು, ಏಪ್ರಿಲ್ ಬಿಸಿಲಲ್ಲಿ ತಿಂಗಳಿಡೀ ನಲವತ್ತು ರಸ್ತೆ ತಿರುಗಿದಳು.

ಗೌರೀಶಂಕರರದು ಶಿಸ್ತಿನ ಬದುಕು. ಅನಲೈಸರ್ ಬೇಕೆಂದು ತಮಗೆ ತಾವೇ ಅರ್ಜಿ ಬರೆದು, ಕೆಳಗೆ 'ಮಂಜೂರು' ಎಂದು ತಾವೇ ಸಹಿ ಹಾಕಿ, ನನ್ನಿಂದ ಸೀಲು ಒತ್ತಿಸಿದರು. ಆಮೇಲೆ ಬೀರು ತೆರೆದರು. ಯಂತ್ರದ ಬ್ಯಾಟರಿ ಉಬ್ಬಿ, ಒಡೆದು, ಒಳಗೆಲ್ಲ ಸೋರಿತ್ತು. ಯಾವ ಬಟನ್ ಒತ್ತಿದರೂ ಪರದೆ ಕಪ್ಪಗೇ ಇತ್ತು. ಕೆಟ್ಟಿದೆ ಎಂದು ಬರೆದುಕೊಟ್ಟರೆ ಒಂಬತ್ತು ಸಹಿ ಕೊರಳಿಗೆ ಸುತ್ತಿಕೊಳ್ಳುತ್ತವೆ. ಫಲಕ ಮಂಚದ ಕೆಳಗೇ ಉಳಿಯುತ್ತದೆ.

"ನೀವೇನೂ ನೋಡ್ಲಿಲ್ಲ ಅಲ್ವಾ ಮೇಡಂ?" ಎಂದರು.

"ಇಲ್ಲ ಸಾರ್," ಎಂದೆ. ನನಗೂ ಒಂದು ನೌಕರಿಯಿದೆ.

ನಲವತ್ತು ರಸ್ತೆಗಳ ಸಿಗ್ನಲನ್ನು ಅವರು ಮನೆಯ ಸೋಫಾದ ಮೇಲೆ ಕೂತೇ ಅಳೆದರು. ನೀಲಗಂಗಮ್ಮ ಎರಡು ಸಲ ಕಾಫಿ ಕೊಡುವಷ್ಟರಲ್ಲಿ ಕೆಲಸ ಮುಗಿದಿತ್ತಂತೆ.

ವೈವಾಕ್ಕೆ ಹೊರಗಿನ ಕಾಲೇಜಿನಿಂದ ಪರೀಕ್ಷಕರು ಬಂದರು. ಗ್ರಾಫ್ ನೋಡಿ ತಲೆದೂಗಿ, "ಆ ಅನಲೈಸರ್ ಒಂದ್ಸಲ ತೋರಿಸಿ" ಎಂದರು. ಗೌರೀಶಂಕರರ ಬಾಯಿಗೆ ಬಂದದ್ದು ಅಭ್ಯಾಸದ ಮಾತೊಂದೇ.

"ಪದೇ ಪದೇ ತೆಗೆದು ಕೆಟ್ಟೋದ್ರೆ ಯಾರ್ ಸಾರ್ ಹೊಣೆ?"

ಪರೀಕ್ಷಕರು ಅವರನ್ನೇ ಒಂದು ಗಳಿಗೆ ನೋಡಿ ನಕ್ಕರು. "ಸರಿಯಾಗ್ ಹೇಳಿದ್ರಿ. ನಮ್ಮಲ್ಲೂ ಬೀಗ ಹಾಕೇ ಇಟ್ಟಿದೀವಿ." ಫಸ್ಟ್ ಕ್ಲಾಸ್ ಆಯಿತು.

ಮುಂದಿನ ಸರದಿ ಪ್ರೇರಣಾಳದು. ಅವಳ ಅಳತೆಗಳು ಗೌರೀಶಂಕರರ ಅಳತೆಗೆ ಎಲ್ಲಿಯೂ ಹೊಂದಲಿಲ್ಲ. ಎರವಲು ಮೀಟರನ್ನು ಪರೀಕ್ಷಕರು ಆಟದ ಸಾಮಾನಿನಂತೆ ತಿರುಗಿಸಿ ನೋಡಿ, ಅವಳ ಪ್ರಬಂಧವನ್ನು ಹಿಂದಕ್ಕೆ ಕಳಿಸಿದರು. ಕಾಲೇಜಿನ ಯಂತ್ರದ ಅಳತೆಗೆ ತಾಳೆಯಾದ ಮೇಲೆ ತರಬೇಕಂತೆ. ಗೌರೀಶಂಕರ ಅಲ್ಲೇ ಕೂತಿದ್ದರು, ತುಟಿ ಬಿಚ್ಚಲಿಲ್ಲ. ಆ ಭಾನುವಾರ ಫಲಕ ಬಾಗಿಲಿಗೇರಿತು.

ಸೋಮವಾರ ಪ್ರೇರಣಾ ಲ್ಯಾಬಿಗೆ ಬಂದಳು. ಗೌರೀಶಂಕರ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿದರು.

"ಅನಲೈಸರ್ ಬೇಡ ಸಾರ್," ಎಂದಳು. "ನಮ್ಮನೆ ಎದುರಿದ್ದ ಟವರ್‌ನ ಮಾರ್ಚಲ್ಲೇ ಬಿಚ್ಕೊಂಡ್ ಹೋದ್ರು. ಅಲ್ಲಿ ಏಪ್ರಿಲಲ್ಲಿ ಫುಲ್ ಸಿಗ್ನಲ್ ಇದೆ ಅಂತ ಬರ್ದಿದೀರ."

ಅವರು ಎದ್ದು ಲ್ಯಾಬಿನ ಬಾಗಿಲು ಮುಚ್ಚಿ ಬಂದು ಕೂತರು.

"ಯಾರಿಗೂ ಹೇಳಲ್ಲ. ನನಗೂ ಡಿಗ್ರಿ ಬೇಕು. ನಿಮ್ ರೀಡಿಂಗ್ಸೇ ಕೊಡಿ, ನೋಡ್ಕೊಂಡು ಬರೀತೀನಿ."

ಒಂಬತ್ತು ವರ್ಷದಲ್ಲಿ ವಿದ್ಯಾರ್ಥಿಯೊಬ್ಬಳು ಕೇಳಿದ್ದನ್ನು ಅವರು ಅರ್ಜಿಯಿಲ್ಲದೆ ಕೊಟ್ಟದ್ದು ಅದೇ ಮೊದಲು. ಪ್ರೇರಣಾ ಬಿಸಿಲಲ್ಲಿ ತಿರುಗಿ ಬರೆದ ತನ್ನ ಹಾಳೆಗಳನ್ನು ನನ್ನ ಮೇಜಿನ ಪಕ್ಕದ ಕಸದ ಬುಟ್ಟಿಗೆ ಹಾಕಿ ಹೋದಳು.

ನನಗೆ ತುಂಬಾ ನಾಚಿಕೆಯಾಯಿತು. ಹಾಳೆಗಳನ್ನು ಎತ್ತಿ, ಧೂಳು ಕೊಡವಿ ಅವರ ಮುಂದಿಟ್ಟೆ. ಗೌರೀಶಂಕರ ಒಂದೊಂದನ್ನೂ ಓದಿದರು. ಆಮೇಲೆ ಎದ್ದು, ಅವನ್ನು ಬೀರುವಿನಲ್ಲಿ ಅನಲೈಸರಿನ ಪಕ್ಕ ಜೋಪಾನವಾಗಿಟ್ಟು ಬೀಗ ಹಾಕಿದರು.