ಕುರಿಸಂತೆಯ ಊರಿಗೆ ಮನೆ ನೋಡಲು ಹೋದದ್ದು

ಅಂಗಡಿಯವಳು ಹದಿನಾಲ್ಕು ಡಾಲರ್ ಕೇಳಿದಳು, ಹತ್ತಕ್ಕೆ ಕೊಂಡು ತಂದೆ. ಅಂಗೈಯಗಲದ ಒಂದು ತಗಡಿನ ಡಬ್ಬಿ. ಪರ್ತ್ ಪಕ್ಕದ ಫ್ರೀಮ್ಯಾಂಟಲ್ ಮಾರ್ಕೆಟ್ಟಿನಲ್ಲಿ ಯಾರೂ ಚೌಕಾಸಿ ಮಾಡುವುದಿಲ್ಲವಂತೆ. "ತಾತಾ, ಸ್ಟಾಪ್ ಇಟ್!" ಎಂದು ಮೊಮ್ಮಗಳು ತೋಳು ಎಳೆಯುತ್ತಿದ್ದಳು. ಅಂಗಡಿ ಮುಚ್ಚುವ ಹೊತ್ತು, ಮೇಲಾಗಿ ಡಬ್ಬಿಯ ಮುಚ್ಚಳ ನೆಗ್ಗಿತ್ತು. ಇಷ್ಟು ನೆಪ ಸಿಕ್ಕಮೇಲೂ ಬೆಲೆ ಇಳಿಸದಿದ್ದರೆ ನಾನು ಇಷ್ಟು ವರ್ಷ ಪರ್ತ್‌ನಲ್ಲಿ ಹಳೇ ಫ್ರಿಜ್, ಹಳೇ ಮಂಚ ಮಾರಿ ಬದುಕಿದ್ದು ದಂಡ.

ಕೊಂಡದ್ದು ಒಡೆದ ಹಿಮ್ಮಡಿಗೆ. ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡಿನ ಮುಲಾಮು. ಮನೆಗೆ ಬಂದು ಮುಚ್ಚಳ ತೆಗೆದೆ. ಮೇಲೆ ಗುಲಾಬಿ ವಾಸನೆ... ಅದರ ಕೆಳಗೆ, ಬಚ್ಚಿಟ್ಟಂತೆ, ಬಿಸಿಲಲ್ಲಿ ಬೇಯುವ ಕುರಿಮಂದೆಯ ಮುಗ್ಗಲು ನಾತ. ಡಬ್ಬಿಯನ್ನು ದೂರ ಹಿಡಿದೆ. ಆ ಊರು, ಆ ಡಾಕ್ಟರು ಒಟ್ಟಿಗೇ ಎದುರು ಬಂದು ನಿಂತರು.

ಎಂಬತ್ತರ ದಶಕದ ಮೊದಮೊದಲ ವರ್ಷಗಳು. ಆಗ ಪರ್ತ್‌ನಲ್ಲಿ ಕನ್ನಡದವರೆಂದರೆ ಬೆರಳೆಣಿಕೆ, ಹೆಚ್ಚಿನವರು ಡಾಕ್ಟರುಗಳು. ಕಾರು ಕೊಳ್ಳಲಿ, ಸೋಫಾ ಕೊಳ್ಳಲಿ, ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ನನ್ನ ಬಂಡವಾಳ ನನ್ನ ಮೂಗು. ಫ್ರಿಜ್ ಮಾರುವವನು ಹೊಳೆಯುವ ಬಾಗಿಲು ತೋರಿಸುತ್ತಾನೆ. ನಾನು ಹಿಂಬದಿಗೆ ಹೋಗಿ ಬಗ್ಗಿ ಮೂಸುತ್ತೇನೆ. ಸುಟ್ಟ ವಾಸನೆ ಬಂದರೆ ಬಾಗಿಲಿಗೆ ಎಷ್ಟು ಪಾಲಿಶ್ ಹೊಡೆದಿದ್ದರೂ ನನಗೆ ಬೇಡ.

ಅಂಥ ಡಾಕ್ಟರೊಬ್ಬರ ಹೆಂಡತಿ, ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದವರು, ಒಂದು ದಿನ ಕಾಫಿ ಕೊಟ್ಟು ಕೂರಿಸಿದರು. ಮೈಸೂರಿನಲ್ಲಿದ್ದ ಅವರ ತಮ್ಮನ ಮಗಳಿಗೆ ಒಂದು ಸಂಬಂಧ ಬಂದಿತ್ತು. ಹುಡುಗ ದಾವಣಗೆರೆ ಕಡೆಯವರು, ಪರ್ತ್‌ನಿಂದ ಒಳನಾಡಿಗೆ ಅರ್ಧ ದಿನದ ದಾರಿಯ ಊರಿನ ಆಸ್ಪತ್ರೆಯಲ್ಲಿ ಡಾಕ್ಟರು. ಹೆಣ್ಣು ಕೊಡುವ ಮೊದಲು ಹುಡುಗನ ಮನೆ ನೋಡಿ ಬರುವುದು ನಮ್ಮ ಪದ್ಧತಿ. ಮೈಸೂರಿನಿಂದ ಯಾರು ಬರಬೇಕು?

"ಹೆಣ್ಣಿನ ಕಡೆಯವರು ಅಂತ ನೀವೇ ಹೋಗ್ಬನ್ನಿ," ಎಂದರು ಅಕ್ಕ. "ನಮ್ಮೆಜಮಾನ್ರನ್ನ ಕಳಿಸಿದ್ರೆ ಆ ಹುಡುಗ ಒಂದು ಬೀರ್ ಕುಡಿಸಿ ಕಳಿಸ್ತಾನೆ, ಇವರು ಅರಮನೆ ಅಂದ್ಕೊಂಡು ಬರ್ತಾರೆ."

ಬಸ್ಸಿನಲ್ಲಿ ಹೋದೆ. ಕಣ್ಣು ಹಾಯುವವರೆಗೂ ಕೊಯ್ದ ಗೋಧಿಯ ಕೂಳೆ, ಅದರ ಮೇಲೆ ಸತ್ತಂತೆ ಬಿದ್ದ ಬಿಸಿಲು. ಆ ಊರಿನ ಹೆಸರು ಹೇಳುವುದಿಲ್ಲ, ಅಲ್ಲಿನವರಿಗೆ ಬೇಸರವಾಗಬಾರದು. ದಾರಿಯಲ್ಲಿ ಹೋಗುವವರು ಪೆಟ್ರೋಲಿಗೆ ನಿಲ್ಲಿಸಿ, ಶೌಚಾಲಯ ಕೇಳಿ, ಹಾಗೇ ಮುಂದೆ ಹೋಗುವ ಊರು. ಆದರೂ ಬೋರ್ಡಿನಲ್ಲಿ 'ನಗರಕ್ಕೆ ಸ್ವಾಗತ' ಎಂದು ಬರೆದಿದ್ದರು. ನಗರವೆಂದರೆ ಗೋಧಿ ತುಂಬಿಡುವ ನಾಲ್ಕು ಗೋಪುರ, ಎರಡು ಹೆಂಡದಂಗಡಿ, ಸಂತೆಗೆ ಸಾಲುವಷ್ಟು ಅಗಲದ ಬೀದಿ, ಬೀದಿಯಲ್ಲಿ ಒಂದು ನಾಯಿ.

ಬಸ್ಸಿಳಿದಾಗ ಎದುರಿನ ಜಗಲಿಯಲ್ಲಿದ್ದವರೆಲ್ಲ ನನ್ನತ್ತ ಕೈ ಬೀಸುತ್ತಿದ್ದರು. ಪರವಾಗಿಲ್ಲ, ಮರ್ಯಾದಸ್ಥರು ಎಂದುಕೊಂಡು ನಾನೂ ನಗುತ್ತಾ ಕೈ ಬೀಸಿದೆ. ಬಾಯಿ ತೆರೆದಿದ್ದೇ ತಪ್ಪಾಯಿತು. ಒಂದು ನೊಣ ಒಳಗೆ ಹೋಯಿತು. ಅವರು ಬೀಸುತ್ತಿದ್ದದ್ದು ನೊಣ ಓಡಿಸಲು.

"ಉಗುಳ್ಬಿಡಿ ಸಾರ್, ನುಂಗಬೇಡಿ," ಎಂದು ಹಿಂದಿನಿಂದ ಕನ್ನಡ ಕೇಳಿಸಿತು. ಅವರೇ ಆ ಡಾಕ್ಟರು. ಉದ್ದಕ್ಕೆ, ಸಣ್ಣಗೆ, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ.

ಕಾರಿನಲ್ಲಿ ಕೂರಿಸಿಕೊಂಡು ಮನೆಗಲ್ಲ, ನೇರ ಕುರಿಸಂತೆಗೆ ಕರೆದೊಯ್ದರು. ಕಂಬಿಗಳ ನಡುವೆ ಲೆಕ್ಕವಿಲ್ಲದಷ್ಟು ಕುರಿಗಳು, ಉಚ್ಚೆ, ಹಿಕ್ಕೆ, ಬೆವರಿದ ಉಣ್ಣೆಯ ಜಿಡ್ಡು. ನಾನು ಮಾಂಸ ತಿನ್ನುವವನೇ. ಆದರೂ ಆ ನಾತ ಗಂಟಲಿಗೆ ಅಂಟಿಕೊಂಡಿತು. "ಪಶ್ಚಿಮದ ಗಾಳಿ ಬೀಸಿದ್ರೆ ಇದೆಲ್ಲ ನಮ್ಮನೆ ಒಳಗಿರುತ್ತೆ," ಎಂದರು, ಹೂದೋಟ ತೋರಿಸುವವರ ಹಾಗೆ.

ಮನೆ ಆಸ್ಪತ್ರೆಯ ಹಿಂದಿತ್ತು. ಕಿಟಕಿಯಲ್ಲಿ ಆಸ್ಪತ್ರೆಯ ಅಡುಗೆಮನೆಯವರು ಕುರಿಕೊಬ್ಬು ಕಾಯಿಸುವ ಹೊಗೆ. ಬಚ್ಚಲಿನ ತೊಟ್ಟಿ ಕಂದುಗಟ್ಟಿತ್ತು. ಬೋರಿನ ನೀರು, ಬಾಯಿಗೆ ಹಾಕಿದರೆ ಉಪ್ಪು. ಕುಡಿಯಲು ಮಳೆನೀರಿನ ಟ್ಯಾಂಕು. ಲೋಟ ತುಟಿಗೆ ಇಟ್ಟಿದ್ದೆ. "ಟ್ಯಾಂಕಲ್ಲಿ ಒಂದು ಕಪ್ಪೆ ಇದೆ," ಎಂದರು. ಲೋಟ ಕೆಳಗಿಟ್ಟೆ. ಅಕ್ಕಿ ಡಬ್ಬಿ ತೆಗೆದು ತೋರಿಸಿದರು, ಇಲಿ ಹಿಕ್ಕೆ. "ಗೋಧಿ ಕೊಯ್ಲು ಆದ್ಮೇಲೆ ಇಲಿಗಳು ಊರಿಗೇ ಬರ್ತವೆ. ಮಂಚದ ಮೇಲೂ ಹತ್ತುತ್ತವೆ." ಊಟಕ್ಕೆ ಸಾರು ಮಾಡಿದ್ದರು. ಬಡಿಸುವಷ್ಟರಲ್ಲಿ ಅದರಲ್ಲಿ ಎರಡು ನೊಣ. ಅವರು ಚಮಚದಲ್ಲಿ ಎತ್ತಿ ಬಿಸಾಕಿ ಉಂಡರು. ನಾನು ಬಾಳೆಹಣ್ಣು ತಿಂದೆ, ಸಿಪ್ಪೆ ಇರುವ ಪದಾರ್ಥ ಎಂಬ ಧೈರ್ಯಕ್ಕೆ.

ನಮ್ಮ ವ್ಯಾಪಾರದಲ್ಲಿ ಚಿಕ್ಕ ಗೀರನ್ನು ತಾನೇ ತೋರಿಸುವವನು ದೊಡ್ಡ ತೂತನ್ನು ಮುಚ್ಚಿಡುತ್ತಿರುತ್ತಾನೆ. ಹಾಗಾಗಿ ಅವರು ರೋಗಿಗಳನ್ನು ನೋಡಲು ಹೋದಾಗ ಬಟ್ಟೆಯ ಬೀರು ತೆರೆದೆ, ಮಂಚದ ಕೆಳಗೆ ಬಗ್ಗಿದೆ, ಸಿಂಕಿನ ಹಿಂದೆ ಮೂಸಿದೆ. ಖಾಲಿ ಬಾಟಲಿಗಳಿಲ್ಲ, ಬೇರೆ ಹೆಣ್ಣಿನ ಬಾಚಣಿಗೆ ಇಲ್ಲ. ಆಸ್ಪತ್ರೆಯ ಎದುರಿನ ಹೋಟೆಲಿನವಳನ್ನು ಕೇಳಿದೆ. "ಡಾಕ್? ಬಂಗಾರದಂಥವನು," ಎಂದು ಕುರಿಮಾಂಸ ತುಂಬಿ ಸುಟ್ಟ ಪೈ ಒಂದನ್ನು ಬಿಟ್ಟಿ ಕೊಟ್ಟಳು. ಬಿಟ್ಟಿ ಸಿಕ್ಕಿದ್ದನ್ನು ನಾನು ಬಿಸಾಡಿದ್ದು ಜೀವನದಲ್ಲಿ ಅದೊಂದೇ.

ಸಂಜೆ ನೇರ ಕೇಳಿದೆ. "ಡಾಕ್ಟ್ರೇ, ಈ ಮದುವೆ ಇಷ್ಟ ಇಲ್ಲ ಅಂದ್ರೆ ಹೇಳ್ಬಿಡಿ. ಇಷ್ಟು ಕಷ್ಟಪಡಬೇಡಿ, ನಾನೇ ಮುರಿದು ಹಾಕ್ತೀನಿ."

ಅವರ ಮುಖ ಕಳೆಗುಂದಿತು. "ಇಷ್ಟ ಇದೆ ಸಾರ್. ಫೋಟೋ ನೋಡಿದಾಗಿಂದ ಬೇರೆ ಯೋಚ್ನೆನೇ ಇಲ್ಲ." ಮುಖದ ಮೇಲಿನ ನೊಣ ಓಡಿಸಿದರು. "ನನಗೆ ಈ ಊರು ಬಿಡೋಕಾಗಲ್ಲ. ನಾನು ಹೋದ್ರೆ ಇಲ್ಲಿಗೆ ಬೇರೆ ಡಾಕ್ಟ್ರು ಯಾರೂ ಬರಲ್ಲ. ಹುಡುಗಿಗೆ ಬಂದ್ಮೇಲೆ ಇದೆಲ್ಲ ಗೊತ್ತಾಗೋದು ಬೇಡ, ಮೊದಲೇ ಗೊತ್ತಿರ್ಲಿ."

ಪರ್ತ್‌ಗೆ ಬಂದವನೇ ಅಕ್ಕನ ಮನೆಯಿಂದ ಮೈಸೂರಿಗೆ ಟ್ರಂಕ್ ಕಾಲ್ ಹಾಕಿಸಿದೆ. ಹುಡುಗಿಯ ತಂದೆಗೆ ಏನೂ ಬಿಡದೆ ಹೇಳಿದೆ: ಕುರಿ, ಕೊಬ್ಬು, ಉಪ್ಪುನೀರು, ಕಪ್ಪೆ, ಇಲಿ. "ನಾಯಿ ಕೂಡ ಬೇಜಾರಲ್ಲಿ ಕೂತಿರುತ್ತೆ, ಹೆಣ್ಣು ಕೊಡಬೇಡಿ," ಎಂದೆ. ಆ ಕಡೆ ಪಿಸುಪಿಸು. ಫೋನು ಕೈ ಬದಲಾಯಿತು. ಹುಡುಗಿಯೇ ಬಂದಳು.

"ಅಂಕಲ್, ಇದನ್ನೆಲ್ಲ ನೀವು ಕಂಡುಹಿಡಿದ್ರಾ, ಅವರೇ ತೋರಿಸಿದ್ರಾ?"

"ಅವರೇ ತೋರಿಸಿದ್ದು ಕಣಮ್ಮಾ."

"ಕಪ್ಪೆನೂ?"

"ಕಪ್ಪೆನೂ."

ತಂತಿಯಲ್ಲಿ ಸಮುದ್ರದ ಸದ್ದು... "ಹಾಗಾದ್ರೆ ಅಪ್ಪನಿಗೆ ಕೊಡ್ತೀನಿ, ಮುಂದಿನ ಮಾತು ಆಡಿ."

ಇಷ್ಟು ಹೇಳಿದರೂ ಒಪ್ಪಿದಳಲ್ಲ ಎಂದು ನನಗೆ ಸಿಟ್ಟೇ ಬಂತು. ಬಂದಳು. ಬಂದು ಅಲ್ಲೇ ನಿಂತಳು. ಆ ಬೋರಿನ ನೀರಿಗೆ ಅವಳ ಅರ್ಧ ಕೂದಲು ಉದುರಿತು, ಇಲಿಗಳ ಜೊತೆ ಯುದ್ಧ ಮಾಡಿದಳು, ಒಂದು ಸಲವೂ ಅಕ್ಕನ ಹತ್ತಿರ ಮೋಸವಾಯಿತು ಎನ್ನಲಿಲ್ಲ. ಡಾಕ್ಟರು ಪರ್ತ್‌ಗೆ ಬಂದಾಗೆಲ್ಲ ನಮ್ಮ ಮನೆಗೆ ಬರುತ್ತಿದ್ದರು. ಹೋದಮೇಲೆ ನನ್ನ ಹೆಂಡತಿ ಸೋಫಾದ ಕವರು ಒಗೆಯುತ್ತಿದ್ದಳು. "ಟ್ಯಾಂಕ್ ಬದಲಾಯಿಸಿದ್ದೀನಿ, ಈ ಸಲನಾದ್ರೂ ಬನ್ನಿ," ಎನ್ನುತ್ತಿದ್ದರು. "ಊರು ಬದಲಾಯಿಸಿ, ಬರ್ತೀನಿ," ಎನ್ನುತ್ತಿದ್ದೆ. ನಗುತ್ತಿದ್ದರು.

ಹೋದ ವರ್ಷ ಹೋದೆ. ಡಾಕ್ಟರ ಮಣ್ಣಿಗೆ. ಆ ಅಗಲವಾದ ಬೀದಿ ಅವತ್ತು ತುಂಬಿತ್ತು. ಅದೇ ಬಿಸಿಲು, ಅದೇ ನೊಣ, ಗಾಳಿ ಪಶ್ಚಿಮದ್ದು. ಕರವಸ್ತ್ರ ಮುಖಕ್ಕೆ ಒತ್ತಿಕೊಂಡು ಒಂದು ಮೂಲೆಯಲ್ಲಿ ನಿಂತಿದ್ದೆ. ಅವರ ಹೆಂಡತಿ ಹತ್ತಿರ ಬಂದರು. ಕೂದಲು ಬೆಳ್ಳಗಾಗಿತ್ತು.

"ಅಳ್ತಿದ್ದೀರಾ ಅಂಕಲ್, ಇಲ್ಲ ಮೂಗು ಮುಚ್ಕೊಂಡಿದ್ದೀರಾ?"

"ಎರಡೂನಮ್ಮಾ," ಎಂದೆ.

"ನಿಜ ಹೇಳಿದ್ರಲ್ಲ," ಎಂದು ನಕ್ಕು, ಅಲ್ಲೇ ನನ್ನ ತೋಳು ಹಿಡಿದುಕೊಂಡು ಅತ್ತರು.

ಹಿಮ್ಮಡಿ ಇನ್ನೂ ಒಡೆದೇ ಇದೆ. ಆ ಮುಲಾಮು ಮೈಗೆ ಹಚ್ಚುವುದು ನನ್ನಿಂದಾಗದು. ಬಿಸಾಡಲೂ ಆಗಿಲ್ಲ... ಆಗಾಗ ಮುಚ್ಚಳ ತೆಗೆದು, ಮುಖ ಕಿವುಚಿ, ಮುಚ್ಚಿಡುತ್ತೇನೆ.

ನೀವು ಯಾರಿಗಾದರೂ ಮನೆ ನೋಡಲು ಹೋದರೆ ನನ್ನ ಮಾತು ಕೇಳಿ. ಬೇಸಿಗೆಯಲ್ಲೇ ಹೋಗಿ. ಹೋದ ತಕ್ಷಣ ನೀರು ಕುಡಿಯಬೇಡಿ. ಮುಂದಿನ ಕೋಣೆ ಬಿಟ್ಟು ಬಚ್ಚಲು ನೋಡಿ. ಇಲ್ಲಿ ತೀರಾ ಕೆಟ್ಟದ್ದು ಯಾವುದು ಎಂದು ಹುಡುಗನನ್ನೇ ಕೇಳಿ, ಅವನು ತಡಬಡಾಯಿಸದೆ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದರೆ ಚೌಕಾಸಿ ಅಲ್ಲಿಗೇ ನಿಲ್ಲಿಸಿ. ಆಮೇಲೆ ಅವನು ಮನೆಗೆ ಕರೆದಾಗ, ಎಂಥ ಗಬ್ಬು ಊರಾದರೂ ಸರಿ, ಒಂದು ಕರವಸ್ತ್ರ ಜೇಬಿನಲ್ಲಿಟ್ಟುಕೊಂಡು ಹೋಗಿಬನ್ನಿ. ಬಾಗಿಲು ತೆಗೆಯಲು ಅವನು ಇರುವಾಗಲೇ ಹೋಗಿ.